ಓವನ್ ಗಡಿಯಾರದ ಮೇಲೆ ಬಂದ ಆರು ನಿಮಿಷದ ಸಾಲ

ಪ್ರಶ್ನೆ: ನಾನು ಹಾಸನದವಳು, ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಕಟ್ಟೆಯೊಳಗೇ ಕೂರಿಸಿದ ಓವನ್ ಇದೆ. ಅದರ ಗಡಿಯಾರವನ್ನು ಮೊಬೈಲ್ ನೋಡಿಕೊಂಡು ಸರಿಯಾಗಿ ಹೊಂದಿಸಿದ್ದೆ. ಆದರೂ ಕೆಲವು ದಿನ ಅದು ಮೊಬೈಲಿಗಿಂತ ಕೆಲವು ಸೆಕೆಂಡು ಮೊದಲೇ ನಿಮಿಷ ಬದಲಿಸುತ್ತದೆ, ಇನ್ನು ಕೆಲವು ದಿನ ತಡ ಮಾಡುತ್ತದೆ. ಮನೆಯ ಮಾಲೀಕರಿಗೆ ಹೇಳಿದರೆ, ‘2018ರಲ್ಲಿ ಸರ್ಬಿಯಾ ಮತ್ತು ಕೊಸೊವೊ ಜಗಳ ಆಡಿದ್ದಕ್ಕೆ ನಮ್ಮೆಲ್ಲರ ಓವನ್ ಗಡಿಯಾರ ಆರು ನಿಮಿಷ ಹಿಂದೆ ಬಿದ್ದಿತ್ತು, ನಿಮ್ಮದು ಯಾವ ಮಹಾ’ ಎಂದು ನಕ್ಕುಬಿಟ್ಟರು. ಇದು ವಾಟ್ಸ್ಆ್ಯಪ್ ಕಥೆಯೋ ನಿಜವೋ? ನಿಜವಾದರೆ ಎಲ್ಲಿಯೋ ನಡೆದ ಜಗಳ ಓವನ್ನಿನ ಗಡಿಯಾರಕ್ಕೆ ಹೇಗೆ ತಟ್ಟಿತು? ನಮ್ಮ ಕಡೆ ಇಂಥದ್ದನ್ನು ಕೇಳಿಯೇ ಇಲ್ಲವಲ್ಲ, ಏಕೆ?

ಉತ್ತರ: ನಿಮ್ಮ ಮನೆಯ ಮಾಲೀಕರು ಹೇಳಿದ್ದು ಅಕ್ಷರಶಃ ನಿಜ. 2018ರ ಜನವರಿ ಮಧ್ಯದಿಂದ ಮಾರ್ಚ್ ಮೊದಲ ವಾರದೊಳಗೆ ಸ್ಪೇನ್‌ನಿಂದ ಟರ್ಕಿಯವರೆಗೆ, ಪೋಲೆಂಡ್‌ನಿಂದ ನೆದರ್‌ಲ್ಯಾಂಡ್ಸ್‌ವರೆಗೆ 25 ದೇಶಗಳಲ್ಲಿ ಒಂದು ಜಾತಿಯ ಗಡಿಯಾರಗಳೆಲ್ಲ ಸುಮಾರು ಆರು ನಿಮಿಷ ಹಿಂದೆ ಬಿದ್ದವು. ಓವನ್, ಮೈಕ್ರೊವೇವ್, ತಲೆದಿಂಬಿನ ಪಕ್ಕದ ಅಲಾರಂ ರೇಡಿಯೊ, ಬಿಸಿನೀರಿನ ಟೈಮರ್ ಎಲ್ಲವೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಹಿಂದೆ ಬಿದ್ದವು. ಮೊಬೈಲು, ಕೈಗಡಿಯಾರ, ರೈಲು ನಿಲ್ದಾಣದ ಗಡಿಯಾರಗಳಿಗೆ ಏನೂ ಆಗಲಿಲ್ಲ. ಯುರೋಪಿನ ವಿದ್ಯುತ್ ಪ್ರಸರಣ ಸಂಸ್ಥೆಗಳ ಒಕ್ಕೂಟ ‘ಎಂಟ್ಸೊ-ಇ’ ಮಾರ್ಚ್ 6ರಂದು ಹೇಳಿಕೆ ಕೊಟ್ಟು, ತಪ್ಪು ನಿಮ್ಮ ಓವನ್ನಿನದಲ್ಲ, ನಮ್ಮ ಕರೆಂಟಿನದು ಎಂದು ಒಪ್ಪಿಕೊಂಡಿತು. ಇಂಥ ಹೇಳಿಕೆಯನ್ನು ವಿದ್ಯುತ್ ಸಂಸ್ಥೆಗಳ ಬಾಯಲ್ಲಿ ಕೇಳುವುದು ಎಷ್ಟು ಅಪರೂಪ ಎಂದು ಹಾಸನದವರಿಗೆ ನಾನು ಹೇಳಬೇಕಾಗಿಲ್ಲ.

ಮೊದಲು ಓವನ್ನಿನ ಒಳಗೆ ಏನಿದೆ ನೋಡೋಣ. ನಿಮ್ಮ ಕೈಗಡಿಯಾರದಲ್ಲಿ ಒಂದು ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದನ್ನು ಎಣಿಸಿ ಗಡಿಯಾರ ಸೆಕೆಂಡು ಹೇಳುತ್ತದೆ. ಹಳೆಯ ಓವನ್‌ಗಳಲ್ಲಿ ಮತ್ತು ಈಗಿನ ಹಲವು ಓವನ್‌ಗಳಲ್ಲೂ ಸಮಯಕ್ಕೆಂದು ಬೇರೆ ಹರಳು ಇರುವುದಿಲ್ಲ. ಗೋಡೆಯ ಪ್ಲಗ್‌ನಿಂದ ಬರುವ ಕರೆಂಟೇ ಸೆಕೆಂಡಿಗೆ 50 ಸಲ ಏರಿ ಇಳಿಯುತ್ತದಲ್ಲ, ಓವನ್ ಅದನ್ನೇ ಎಣಿಸಿಕೊಂಡು ಕೂತಿರುತ್ತದೆ. ಐವತ್ತು ಆಯಿತೇ, ಒಂದು ಸೆಕೆಂಡು. ದಿನಕ್ಕೆ 43,20,000 ಆಯಿತೇ, ಇಪ್ಪತ್ತನಾಲ್ಕು ಗಂಟೆ. ಹೊರಗೆ ಸೂರ್ಯ ಎಲ್ಲಿದ್ದಾನೆ ಎನ್ನುವುದು ಅದಕ್ಕೆ ಬೇಕಿಲ್ಲ. ಕರೆಂಟು 49.99ರ ಲೆಕ್ಕದಲ್ಲಿ ಬಂದರೂ ಓವನ್ ಅದನ್ನು ಐವತ್ತೆಂದೇ ನಂಬುತ್ತದೆ.

ಇದು ತಯಾರಕರ ಜಿಪುಣತನ ಅಂದುಕೊಳ್ಳಬೇಡಿ. ಅಗ್ಗದ ಹರಳು ತಿಂಗಳಿಗೆ ಹಲವು ಸೆಕೆಂಡು ತಪ್ಪುತ್ತದೆ, ಆ ತಪ್ಪು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಕೂಡುತ್ತಾ ಹೋಗುತ್ತದೆ. ಗ್ರಿಡ್, ಅಂದರೆ ಊರೂರಿಗೆ ಕರೆಂಟ್ ಒಯ್ಯುವ ತಂತಿಗಳ ಜಾಲ, ಹಾಗಲ್ಲ. ಇವತ್ತು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹಿಂದೆ ಬಿದ್ದರೆ ನಾಳೆ ನಾಡಿದ್ದರಲ್ಲಿ ಯಾರೋ ಅದನ್ನು ಬೇಕೆಂದೇ ಮುಂದಕ್ಕೆ ತಳ್ಳಿ ಸರಿಮಾಡುತ್ತಾರೆ. ಹಾಗಾಗಿ ದಿನದ ಲೆಕ್ಕದಲ್ಲಿ ಗ್ರಿಡ್ ಗಡಿಯಾರ ಕೈಗಡಿಯಾರಕ್ಕಿಂತ ಚಂಚಲ, ವರ್ಷದ ಲೆಕ್ಕದಲ್ಲಿ ಅದಕ್ಕಿಂತ ನಂಬಿಕಸ್ಥ. ನಿಮ್ಮ ಓವನ್ ಕೆಲವು ದಿನ ಮುಂದೆ ಕೆಲವು ದಿನ ಹಿಂದೆ ಇರುವುದಕ್ಕೆ ಕಾರಣ ಇದೇ.

ಗ್ರಿಡ್ಡನ್ನು ಗಡಿಯಾರದ ಯಜಮಾನನಾಗಿ ಮಾಡಿದವನು ಹೆನ್ರಿ ವಾರನ್ ಎಂಬ ಅಮೆರಿಕದ ಎಂಜಿನಿಯರ್. ಮೆಸಾಚುಸೆಟ್ಸ್‌ನ ಈತ ಕರೆಂಟಿನ ಲಯಕ್ಕೆ ಸರಿಯಾಗಿ ತಿರುಗುವ ಪುಟ್ಟ ಮೋಟರ್ ಕಟ್ಟಿ ಅದರಿಂದ ಗಡಿಯಾರ ಮಾಡಿದ. ಗಡಿಯಾರವೇನೋ ಸೊಗಸಾಗಿ ಓಡಿತು, ಆದರೆ ಸಮಯ ಮಾತ್ರ ತಪ್ಪುತ್ತಲೇ ಇತ್ತು. ಮೋಟರಿನಲ್ಲಿ ದೋಷವಿಲ್ಲ, ವಿದ್ಯುತ್ ಕಂಪನಿಯ ಆವರ್ತನವೇ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ) ನೆಟ್ಟಗಿಲ್ಲ ಎಂದು ಅವನಿಗೆ ಗೊತ್ತಾಯಿತು. ಬೇರೆ ಯಾರಾದರೂ ಆಗಿದ್ದರೆ ಗಡಿಯಾರವನ್ನು ತಿದ್ದುತ್ತಿದ್ದರು, ಈತ ವಿದ್ಯುತ್ ಕೇಂದ್ರವನ್ನೇ ತಿದ್ದಲು ಹೊರಟ. ಒಂದು ಮುಳ್ಳು ಲೋಲಕದಿಂದ, ಇನ್ನೊಂದು ಕರೆಂಟಿನಿಂದ ಓಡುವ ದೊಡ್ಡ ಗಡಿಯಾರ ಮಾಡಿ 1916ರಲ್ಲಿ ಬಾಸ್ಟನ್ನಿನ ವಿದ್ಯುತ್ ಕೇಂದ್ರದಲ್ಲಿ ನೇತುಹಾಕಿಸಿದ. ಎರಡು ಮುಳ್ಳೂ ಒಂದರ ಮೇಲೊಂದು ಕೂತಿರುವಂತೆ ಟರ್ಬೈನಿನ ವೇಗ ನೋಡಿಕೊಳ್ಳುವುದು ಅಲ್ಲಿನ ನೌಕರರ ಕೆಲಸವಾಯಿತು. ಅಲ್ಲಿಂದ ಮುಂದೆ ವಾರನ್‌ನ ‘ಟೆಲಿಕ್ರಾನ್’ ಗಡಿಯಾರಗಳು ಅಮೆರಿಕದ ಮನೆಮನೆಗೂ ನುಗ್ಗಿದವು. ತನ್ನ ಸರಕು ಮಾರಬೇಕೆಂದು ಇಡೀ ಉದ್ಯಮದ ಶಿಸ್ತನ್ನೇ ಬದಲಿಸಿದ ವ್ಯಾಪಾರಿ ಇನ್ನೊಬ್ಬ ಸಿಗುವುದು ಕಷ್ಟ.

ಈಗ ಆವರ್ತನ ಯಾಕೆ ಏರುಪೇರಾಗುತ್ತದೆ ಎನ್ನುವುದಕ್ಕೆ ಬರೋಣ. ಗ್ರಿಡ್ ಎಂದರೆ ಒಂದು ತೇರು ಅಂದುಕೊಳ್ಳಿ. ಸಾವಿರ ಜನ ಒಂದೇ ಹಗ್ಗ ಹಿಡಿದು ಎಳೆಯುತ್ತಿದ್ದಾರೆ, ಅವರೇ ಜನರೇಟರುಗಳು. ತೇರಿನ ಮೇಲಿನ ಭಾರ ನಾವು ನೀವು ಉರಿಸುವ ದೀಪ, ಮಿಕ್ಸಿ, ಓವನ್. ಎಳೆಯುವವರ ಬಲ ಮತ್ತು ಭಾರ ಸಮನಾಗಿದ್ದರೆ ತೇರು ಒಂದೇ ವೇಗದಲ್ಲಿ ಹೋಗುತ್ತದೆ, ಅದೇ ಸೆಕೆಂಡಿಗೆ 50 ಸಲ, ಅಂದರೆ 50 ಹರ್ಟ್ಸ್. ಭಾರ ಹೆಚ್ಚಿದರೆ ನಿಧಾನ, ಇಳಿದರೆ ಜೋರು. ಮುಖ್ಯ ಮಾತೆಂದರೆ, ನಿಧಾನವಾದಾಗ ಇಡೀ ತೇರೇ ನಿಧಾನವಾಗುತ್ತದೆ. ಪೋರ್ಚುಗಲ್‌ನ ಚಕ್ರ ಜೋರಾಗಿ, ಗ್ರೀಸ್‌ನ ಚಕ್ರ ಮೆಲ್ಲಗೆ ತಿರುಗಲು ಬರುವುದಿಲ್ಲ. ಹಗ್ಗಕ್ಕೆ ಕೈ ಹಚ್ಚಿದ ಹಾಗೆ ಮಾಡಿ ಎಳೆಯದೆ ನಡೆಯುವವರು ಎಲ್ಲ ಜಾತ್ರೆಯಲ್ಲೂ ಇರುತ್ತಾರೆ, ಒಬ್ಬಿಬ್ಬರಾದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇಲ್ಲಿ ಲೆಕ್ಕ ಇಡುವ ಗಡಿಯಾರವೊಂದಿದೆ ನೋಡಿ.

ಭಾರ ದಿಢೀರನೆ ಹೆಚ್ಚಾದರೆ ಎಲ್ಲ ದೇಶಗಳ ಜನರೇಟರುಗಳೂ ತಾವಾಗಿ ಸ್ವಲ್ಪ ಹೆಚ್ಚು ಬಲ ಹಾಕಿ ವೇಗ ಇನ್ನಷ್ಟು ಕುಸಿಯದಂತೆ ತಡೆಯುತ್ತವೆ. ಇದು ಕೆಲವು ಸೆಕೆಂಡಿನ ಕೆಲಸ, ಇದರಲ್ಲಿ ನಿನ್ನದು ನನ್ನದು ಎಂಬ ಭೇದವಿಲ್ಲ. ಆದರೆ ಈ ಸಹಾಯ ಕುಸಿತವನ್ನು ನಿಲ್ಲಿಸುತ್ತದೆಯೇ ಹೊರತು ವೇಗವನ್ನು ಮೊದಲಿನ 50ಕ್ಕೆ ತಂದು ನಿಲ್ಲಿಸುವುದಿಲ್ಲ. ಅದಕ್ಕೆ ಎರಡನೆಯ ಹಂತ ಬೇಕು. ಯಾರ ವಲಯದಲ್ಲಿ ಕೊರತೆಯಾಯಿತೋ ಅವರೇ ಕೆಲವು ನಿಮಿಷದೊಳಗೆ ತಮ್ಮ ಸ್ಥಾವರ ಹೆಚ್ಚಿಸಿ ಅಥವಾ ವಿದ್ಯುತ್ ಕೊಂಡು ತಮ್ಮ ಪಾಲನ್ನು ತುಂಬಬೇಕು. ಬೇರೆಯವರು ಅದನ್ನು ತುಂಬಲು ಹೋಗಬಾರದು ಎಂಬುದೇ ನಿಯಮ, ಇಲ್ಲದಿದ್ದರೆ ಎಲ್ಲರೂ ಒಟ್ಟಿಗೆ ತುಂಬಿ ಆವರ್ತನ ಆ ಕಡೆಗೆ ಜಿಗಿದೀತು. ಹಾಗಾದರೆ ಕೊರತೆಯವನು ‘ಇದು ನನ್ನ ಪಾಲೇ ಅಲ್ಲ’ ಎಂದು ಕೈ ಕಟ್ಟಿ ಕೂತರೆ? ಈ ವ್ಯವಸ್ಥೆಯನ್ನು ಕಟ್ಟಿದವರು ಅಂಥ ಒಬ್ಬ ಬರುತ್ತಾನೆಂದು ಅಂದುಕೊಂಡಿರಲಿಲ್ಲ.

ಬಂದದ್ದು ಕೊಸೊವೊದ ಉತ್ತರ ತುದಿಯಿಂದ. ಕೊಸೊವೊ 2008ರಲ್ಲಿ ಸರ್ಬಿಯಾದಿಂದ ಬೇರೆಯಾಗಿ ಸ್ವತಂತ್ರ ದೇಶವೆಂದು ಘೋಷಿಸಿಕೊಂಡಿತು, ಸರ್ಬಿಯಾ ಅದನ್ನು ಒಪ್ಪಿಲ್ಲ. ಉತ್ತರದ ನಾಲ್ಕು ಪುರಸಭೆಗಳಲ್ಲಿ ಸರ್ಬ್ ಜನರೇ ಬಹುಸಂಖ್ಯಾತರು, ಅವರು ಕೊಸೊವೊ ಸರ್ಕಾರವನ್ನೇ ಒಪ್ಪುವುದಿಲ್ಲ. ಒಪ್ಪದ ಸರ್ಕಾರಕ್ಕೆ ಕರೆಂಟ್ ಬಿಲ್ ಕಟ್ಟುವುದು ಹೇಗೆ? 1999ರ ಯುದ್ಧ ಮುಗಿದಂದಿನಿಂದ ಅವರು ಕಟ್ಟಿಯೇ ಇರಲಿಲ್ಲ. ಅವರು ಉರಿಸಿದ ಕರೆಂಟಿನ ಹಣವನ್ನು ಕೊಸೊವೊದ ಉಳಿದ ಗ್ರಾಹಕರ ಬಿಲ್ಲಿಗೆ ಸೇರಿಸಿ ವಸೂಲಿ ಮಾಡುತ್ತಿದ್ದರು. ಅದು ತಪ್ಪೆಂದು ನ್ಯಾಯಾಲಯ ಹೇಳಿದ ಮೇಲೆ, 2017ರ ಕೊನೆಗೆ ಕೊಸೊವೊದ ಪ್ರಸರಣ ಸಂಸ್ಥೆ ‘ಉತ್ತರದ ಪಾಲು ನಾವು ತುಂಬುವುದಿಲ್ಲ’ ಎಂದುಬಿಟ್ಟಿತು. ಆಗಿನ ಏರ್ಪಾಡಿನಲ್ಲಿ ಕೊಸೊವೊ ಸೇರಿದ್ದ ವಲಯದ ಸಮತೋಲನದ ಹೊಣೆ ಸರ್ಬಿಯಾದ ಸಂಸ್ಥೆಯದು. ಅವರೂ ‘ತುಂಬುವುದಿಲ್ಲ’ ಎಂದರು. ಕೊಸೊವೊ ತನ್ನ ಭಾಗವೇ ಎಂದು ಜಗತ್ತಿಗೆಲ್ಲ ಸಾರುವ ದೇಶ, ಕರೆಂಟಿನ ಲೆಕ್ಕ ಬಂದಾಗ ಮಾತ್ರ ಅದು ನಿಮ್ಮದು ಎಂದಿತು. ನಾವೇ ಬೇರೆ ದೇಶ ಎಂದು ಸಾರುವವರು, ಕರೆಂಟಿನ ಲೆಕ್ಕ ಬಂದಾಗ ಮಾತ್ರ ಆ ನಾಲ್ಕು ಊರು ನಮ್ಮದಲ್ಲ ಎಂದರು.

ಜನ ಮಾತ್ರ ಹೀಟರ್ ಹಚ್ಚಿಕೊಂಡು ಚಳಿಗಾಲ ಕಳೆದರು. ಕರೆಂಟಿಗೆ ರಾಜಕೀಯ ತಿಳಿಯದು, ಬೇಕಾದಲ್ಲಿಗೆ ಹರಿಯಿತು.

ಹೀಗೆ ತುಂಬದೆ ಉಳಿದ ಒಟ್ಟು ವಿದ್ಯುತ್ 113 ಗಿಗಾವ್ಯಾಟ್ ಅವರ್ ಎಂದು ಒಕ್ಕೂಟ ಲೆಕ್ಕ ಕೊಟ್ಟಿತು. ನಮ್ಮ ಬಿಲ್ಲಿನ ಭಾಷೆಯಲ್ಲಿ 11 ಕೋಟಿ 30 ಲಕ್ಷ ಯೂನಿಟ್. ಕೇಳಲು ದೊಡ್ಡದು, ಆದರೆ ಸುಮಾರು 50 ದಿನಕ್ಕೆ ಹಂಚಿ ನೋಡಿ: ಯಾವುದೇ ಗಳಿಗೆಯಲ್ಲೂ ಸರಾಸರಿ 100 ಮೆಗಾವ್ಯಾಟ್ ಕೂಡ ಇಲ್ಲ. ಲಕ್ಷಗಟ್ಟಲೆ ಮೆಗಾವ್ಯಾಟ್ ಓಡಾಡುವ ಯುರೋಪಿನ ಗ್ರಿಡ್‌ನಲ್ಲಿ ಇದು ಯಾವ ಲೆಕ್ಕಕ್ಕೂ ಇಲ್ಲ. ಆವರ್ತನದ ಸರಾಸರಿ 50ರಿಂದ ಇಳಿದದ್ದೂ 49.996ಕ್ಕೆ ಅಷ್ಟೇ. ಒಂದು ಬಲ್ಬ್ ಮಿಣುಕಲಿಲ್ಲ, ಒಂದು ಫ್ಯಾನ್ ನಿಧಾನವಾಗಲಿಲ್ಲ. ಅಷ್ಟು ಸಣ್ಣದನ್ನು ಗಮನಿಸಿದವನು ಎಣಿಸುವುದೊಂದನ್ನೇ ಕಲಿತ ನಿಮ್ಮ ಓವನ್. 50ರಲ್ಲಿ 0.004 ಕಡಿಮೆಯೆಂದರೆ ದಿನಕ್ಕೆ ಏಳು ಸೆಕೆಂಡು. ಐವತ್ತು ದಿನಕ್ಕೆ ಮುನ್ನೂರೈವತ್ತರ ಹತ್ತಿರ, ಅಂದರೆ ಆರು ನಿಮಿಷಕ್ಕೆ ತುಸು ಕಡಿಮೆ. ನೀವೇ ಕಾಗದದ ಮೇಲೆ ಹಾಕಿ ನೋಡಬಹುದು, ಒಕ್ಕೂಟ ಹೇಳಿದ ಅಂಕಿಗಳು ಒಂದಕ್ಕೊಂದು ಚೆನ್ನಾಗಿ ಕೂಡುತ್ತವೆ.

ನನಗೆ ಈ ಪ್ರಸಂಗ ಇಷ್ಟವಾಗುವುದೇ ಇಲ್ಲಿ. ಎರಡು ಸರ್ಕಾರಗಳು ಯಾರ ಖಾತೆಗೂ ಬರೆಯಲು ಒಪ್ಪದ ಸಾಲ ಒಂದಿತ್ತು. ಅದು ಕೊನೆಗೆ 25 ದೇಶಗಳ ಅಡುಗೆಮನೆಯಲ್ಲಿ ಹಸಿರು ಅಂಕಿಗಳಲ್ಲಿ ಬರೆದುಕೊಂಡಿತು. ಪತ್ರಿಕೆಗಳು ‘ಗಡಿಯಾರ ಕೆಟ್ಟಿತು’ ಎಂದು ಬರೆದವು. ನನ್ನ ಪ್ರಕಾರ ಕೆಟ್ಟದ್ದು ಉಳಿದೆಲ್ಲವೂ, ಗಡಿಯಾರ ಮಾತ್ರ ನೆಟ್ಟಗೆ ಲೆಕ್ಕ ಬರೆಯಿತು.

ಸಾಲ ತೀರಿಸುವುದು ಹೇಗೆ? ಹಿಂದೆ ಬಿದ್ದ ಎಣಿಕೆಯನ್ನು ತುಂಬಬೇಕಾದರೆ ಸ್ವಲ್ಪ ಕಾಲ 50ಕ್ಕಿಂತ ಜೋರಾಗಿ ಓಡಿಸಬೇಕು. ಯುರೋಪಿನಲ್ಲಿ ಈ ಲೆಕ್ಕ ನೋಡಿಕೊಳ್ಳುವುದು ಸ್ವಿಟ್ಜರ್‌ಲ್ಯಾಂಡಿನವರು. ಅಲ್ಲಿನ ಲಾಫೆನ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ 1958ರಲ್ಲಿ ಜರ್ಮನಿ, ಫ್ರಾನ್ಸ್ ಮತ್ತು ಸ್ವಿಟ್ಜರ್‌ಲ್ಯಾಂಡಿನ ತಂತಿಗಳನ್ನು ಮೊದಲ ಬಾರಿ ಒಂದುಗೂಡಿಸಿದ್ದರು, ಆ ಹಳೆಯ ನಂಟು ಇದಕ್ಕೆ ಕಾರಣ. ಗ್ರಿಡ್ ಸಮಯ ನಿಜಸಮಯಕ್ಕಿಂತ 20 ಸೆಕೆಂಡಿಗಿಂತ ಹೆಚ್ಚು ತಪ್ಪಿದರೆ, ನಾಳೆ ಇಡೀ ದಿನ ಗುರಿ 50 ಅಲ್ಲ, 50.010 ಎಂದು ಎಲ್ಲ ದೇಶಗಳಿಗೂ ಹೇಳುತ್ತಾರೆ. ಮುಂದೆ ಓಡಿದ್ದರೆ 49.990. ಒಂದು ದಿನಕ್ಕೆ ಇದರಿಂದ 17 ಸೆಕೆಂಡು ಸಿಗುತ್ತದೆ. ಆರು ನಿಮಿಷ ತುಂಬಲು ಇದೇ ವೇಗದಲ್ಲಿ ಮೂರು ವಾರ ಬೇಕು. ಮಾರ್ಚ್ 8ರ ಹೊತ್ತಿಗೆ ಕೊಸೊವೊ ಕಡೆಯಿಂದ ಕೊರತೆ ನಿಂತಿತು, ಏಪ್ರಿಲ್ 3ರ ಹೊತ್ತಿಗೆ ಗಡಿಯಾರಗಳು ದಾರಿಗೆ ಬಂದವು.

ಎಲ್ಲರವೂ ಅಲ್ಲ. ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಬೇಸತ್ತು ಓವನ್ ಗಡಿಯಾರವನ್ನು ಕೈಯಾರೆ ಸರಿ ಮಾಡಿಕೊಂಡ ಶಿಸ್ತಿನ ಮಂದಿ ಇದ್ದರಲ್ಲ, ಗ್ರಿಡ್ ತನ್ನ ಸಾಲ ತೀರಿಸಿದ ಮೇಲೆ ಅವರ ಗಡಿಯಾರ ಆರು ನಿಮಿಷದವರೆಗೂ ಮುಂದಕ್ಕೆ ಹೋಗಿ ಕೂತಿತು. ಸಾಲದ್ದಕ್ಕೆ ಆ ವರ್ಷ ಮಾರ್ಚ್ 25ಕ್ಕೆ ಬೇಸಿಗೆ ಸಮಯ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಶುರುವಾಯಿತು, ಅಂದರೆ ಸಾಲ ತೀರಿಸುವ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ. ಆ ಭಾನುವಾರ ಗಂಟೆಯ ಜೊತೆಗೆ ನಿಮಿಷವನ್ನೂ ತಿದ್ದಿದವರಿಗೆ ಇನ್ನೊಂದಿಷ್ಟು ಗೊಂದಲ. ಏನೂ ಮಾಡದೆ ಸುಮ್ಮನಿದ್ದ ಸೋಮಾರಿಗಳಿಗೆ ಮಾತ್ರ ಕೊನೆಗೆ ಎಲ್ಲವೂ ಸರಿಹೋಯಿತು. ಸೋಮಾರಿತನಕ್ಕೆ ತಾಂತ್ರಿಕ ಸಮರ್ಥನೆ ಸಿಗುವ ಪ್ರಸಂಗಗಳು ಕಡಿಮೆ, ಅದಕ್ಕೇ ಹೇಳಿದೆ.

ಲಂಡನ್ನಿನಲ್ಲೋ ಸ್ಟಾಕ್‌ಹೋಮ್‌ನಲ್ಲೋ ಇರುವ ನೆಂಟರನ್ನು ಕೇಳಿದರೆ ‘ನಮಗೇನೂ ಆಗಿರಲಿಲ್ಲ’ ಎನ್ನುತ್ತಾರೆ, ಅದೂ ನಿಜ. ಬ್ರಿಟನ್ನಿಗೂ ಸ್ವೀಡನ್ನಿಗೂ ಯುರೋಪಿನ ನಡುಭಾಗದಿಂದ ಕರೆಂಟು ಹೋಗುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ ಕೇಬಲ್‌ಗಳಲ್ಲಿ. ಡಿಸಿಯಲ್ಲಿ ಏರಿಳಿತವೇ ಇಲ್ಲದ ಕಾರಣ ಕರೆಂಟು ದಾಟುತ್ತದೆ, ಆವರ್ತನ ದಾಟುವುದಿಲ್ಲ.

ಕೊಸೊವೊದ ಕಥೆಗೆ ಒಂದು ಬಾಲವೂ ಇದೆ. 2020ರ ಡಿಸೆಂಬರ್‌ನಲ್ಲಿ ಕೊಸೊವೊ ಸರ್ಬಿಯಾದ ವಲಯದಿಂದ ಹೊರಬಂದು ಅಲ್ಬೇನಿಯಾ ಜೊತೆ ತನ್ನದೇ ವಲಯ ಕಟ್ಟಿಕೊಂಡಿತು. ಆದರೆ ಬಿಲ್ ಇಲ್ಲದ ಕರೆಂಟು ಎಂಬ ಸುದ್ದಿ ಸುಮ್ಮನಿರುತ್ತದೆಯೇ? ಬಿಟ್‌ಕಾಯಿನ್ ಲೆಕ್ಕ ಹಾಕುವ ಯಂತ್ರಗಳಿಗೆ ಬೇಕಾದದ್ದೇ ಅಗ್ಗದ ಕರೆಂಟು, ಇಲ್ಲಿ ಪುಕ್ಕಟೆಯೇ ಸಿಗುತ್ತಿತ್ತು. ಉತ್ತರದ ಊರುಗಳಲ್ಲಿ ಆ ಯಂತ್ರಗಳು ಸಾಲುಸಾಲಾಗಿ ಬಂದು ಕೂತವು. ವಿದ್ಯುತ್ ಬಿಕ್ಕಟ್ಟು ಬಂದಾಗ, 2022ರ ಜನವರಿಯಲ್ಲಿ ಕೊಸೊವೊ ಇಡೀ ದೇಶದಲ್ಲಿ ಆ ದಂಧೆಯನ್ನೇ ನಿಷೇಧಿಸಿತು, ಪೊಲೀಸರು ನೂರಾರು ಯಂತ್ರ ಹೊತ್ತೊಯ್ದರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನಮ್ಮ ಕಡೆ ಏಕೆ ಇಲ್ಲ? ಗಡಿಯಾರವನ್ನು ಕರೆಂಟಿಗೆ ನಂಬಿ ಬಿಡುವಷ್ಟು ಭೋಳೆತನ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಅದಕ್ಕೆ. ಕೀಲಿ ಕೊಡುವ ಎಚ್‌ಎಂಟಿಯಿಂದ ನೇರವಾಗಿ ಸೆಲ್ ಹಾಕುವ ಗೋಡೆ ಗಡಿಯಾರಕ್ಕೆ ನಾವು ಜಿಗಿದೆವು. ನಮ್ಮ ಮನೆಗಳ ಮೈಕ್ರೊವೇವ್ ಗಡಿಯಾರ ಇವತ್ತಿಗೂ ಕರೆಂಟು ಬಂದಾಗಲೆಲ್ಲ ಸೊನ್ನೆಯಿಂದ ಮಿಣುಕಲು ಶುರುಮಾಡುತ್ತದೆ, ಅದನ್ನು ಹೊಂದಿಸುವ ಉತ್ಸಾಹ ಮೊದಲ ತಿಂಗಳಲ್ಲೇ ಬತ್ತಿಹೋಗಿರುತ್ತದೆ. ಸೊನ್ನೆಯಿಂದಲೇ ಓಡಲು ಶುರುಮಾಡುವ ಮಾದರಿಗಳೂ ಇವೆ. ಅಂಥವು ಸಮಯ ಹೇಳದಿದ್ದರೂ ಕರೆಂಟು ಬಂದು ಎಷ್ಟು ಹೊತ್ತಾಯಿತೆಂದು ಕರಾರುವಾಕ್ಕಾಗಿ ಹೇಳುತ್ತವೆ, ಅದಕ್ಕೂ ಉಪಯೋಗವಿಲ್ಲದಿಲ್ಲ.

ಕರೆಂಟು ಹೋಗದೇ ಇದ್ದಿದ್ದರೂ ಕಷ್ಟವಿತ್ತು. ತೊಂಬತ್ತರ ದಶಕದಲ್ಲಿ ದಕ್ಷಿಣದ ಗ್ರಿಡ್‌ನಲ್ಲಿ ಸಂಜೆ ಹೊತ್ತು ಆವರ್ತನ 48.5ರ ಆಸುಪಾಸಿಗೆ ಇಳಿಯುವುದು ಅಪರೂಪವೇನಲ್ಲ. ಆ ಲೆಕ್ಕದಲ್ಲಿ ಕರೆಂಟು ಎಣಿಸುವ ಗಡಿಯಾರ ಗಂಟೆಗೆ ಎರಡು ನಿಮಿಷದ ಹತ್ತಿರ ಹಿಂದೆ ಬೀಳುತ್ತಿತ್ತು. ಯುರೋಪಿನವರು ಐವತ್ತು ದಿನದಲ್ಲಿ ಕಳೆದುಕೊಂಡು ಸುದ್ದಿ ಮಾಡಿದ ಆರು ನಿಮಿಷವನ್ನು ನಾವು ಸಂಜೆ ದೀಪ ಹಚ್ಚಿ ರಾತ್ರಿ ಊಟಕ್ಕೆ ಕೂರುವುದರೊಳಗೆ ಕಳೆಯುತ್ತಿದ್ದೆವು.

ಇದನ್ನು ಸರಿಮಾಡಿದ ರೀತಿ ಮಾತ್ರ ಅಪ್ಪಟ ದೇಸಿ, ಅದರ ಬಗ್ಗೆ ನಮ್ಮಲ್ಲಿ ಮಾತಾಡುವವರೇ ಕಡಿಮೆ. 2002ರಿಂದ ಒಂದೊಂದೇ ಪ್ರದೇಶದಲ್ಲಿ, ದಕ್ಷಿಣದಲ್ಲಿ 2003ರ ಜನವರಿಯಿಂದ, ಹೊಸ ದರಪದ್ಧತಿ ಬಂತು. ಅದರ ಹಿಂದಿನ ಮುಖ್ಯ ತಲೆ ಭಾನು ಭೂಷಣ್ ಎಂಬ ಎಂಜಿನಿಯರ್. ಒಂದು ರಾಜ್ಯ ಒಪ್ಪಿದ್ದಕ್ಕಿಂತ ಹೆಚ್ಚು ಎಳೆದುಕೊಂಡರೆ ಅದರ ಬೆಲೆಯನ್ನು ಆ ಹದಿನೈದು ನಿಮಿಷದ ಆವರ್ತನವೇ ತೀರ್ಮಾನಿಸುತ್ತಿತ್ತು. ಮೊದಲಿಗೆ ಇದ್ದ ಪಟ್ಟಿಯಲ್ಲಿ 50.5 ಇದ್ದರೆ ಬೆಲೆ ಸೊನ್ನೆ, ಬೇಕಾದಷ್ಟು ಎಳೆದುಕೊಳ್ಳಿ. 49ರ ಕಡೆಗೆ ಇಳಿದಂತೆಲ್ಲ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಕಷ್ಟಕಾಲದಲ್ಲಿ ಹೆಚ್ಚು ಎಳೆದವನು ಹೆಚ್ಚು ತೆರಬೇಕಿತ್ತು, ಆಗ ಹೆಚ್ಚು ಕೊಟ್ಟವನಿಗೆ ಆ ಹಣ. ಎಷ್ಟೋ ವರ್ಷ ಪತ್ರ ಬರೆದು, ಸಭೆ ಮಾಡಿ, ಗದರಿಸಿ ಸರಿಹೋಗದ ಆವರ್ತನ, ಹಣದ ಮಾತು ಬಂದ ಕೂಡಲೇ ನೆಟ್ಟಗಾಯಿತು. ಕೊಸೊವೊದಲ್ಲಿ ಇಂಥದ್ದೊಂದು ಇದ್ದಿದ್ದರೆ, ಯಾರು ತೆರಬೇಕು ಎಂಬ ಜಗಳವೇನೋ ಆಗುತ್ತಿತ್ತು, ಆದರೆ ಎಷ್ಟು ತೆರಬೇಕು ಎಂಬುದಾದರೂ ಹದಿನೈದು ನಿಮಿಷಕ್ಕೊಮ್ಮೆ ಬರೆದಿರುತ್ತಿತ್ತು. ಈಗ ನಮ್ಮ ಆವರ್ತನದ ಮಿತಿ 49.90ರಿಂದ 50.05. ಯುರೋಪಿಗೆ ಹೋಲಿಸಿದರೆ ಇದೂ ಸಡಿಲವೇ. ಇಡೀ ದಿನ 49.90ರಲ್ಲೇ ಓಡಿದರೆ ಗಡಿಯಾರ ಮೂರು ನಿಮಿಷದ ಹತ್ತಿರ ಹಿಂದೆ ಬಿದ್ದೀತು.

ಇನ್ನೊಂದು ವಿಷಯ ಹಾಸನದವರಿಗೆ ಇಷ್ಟವಾಗಬಹುದು. 2013ರ ಡಿಸೆಂಬರ್ 31ರವರೆಗೆ ದಕ್ಷಿಣ ಭಾರತದ ತೇರೇ ಬೇರೆ, ಉಳಿದ ದೇಶದ್ದೇ ಬೇರೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರದವರೆಗೆ ಬಂದ ಉದ್ದನೆಯ ಲೈನ್ ಸಹಿತ, ಇದ್ದ ದೊಡ್ಡ ಕೊಂಡಿಗಳೆಲ್ಲ ಡಿಸಿಯವು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮ್ಮ ದೀಪಗಳು ಆರದಿದ್ದುದಕ್ಕೆ ಇದೇ ಕಾರಣ. ಮರುವರ್ಷದ ಕೊನೆಯ ರಾತ್ರಿ ರಾಯಚೂರು–ಸೋಲಾಪುರದ 765 ಕಿಲೋವೋಲ್ಟ್ ಲೈನ್ ಜೋಡಿಸಿದರು. ಆ ಗಳಿಗೆಯಿಂದ ನಿಮ್ಮ ತಾಯಿಮನೆಯ ಮಿಕ್ಸಿಗೆ ಬರುವ ಕರೆಂಟೂ ಶ್ರೀನಗರದ ಹೀಟರಿಗೆ ಹೋಗುವ ಕರೆಂಟೂ ಒಂದೇ ಲಯದಲ್ಲಿ ಏರಿಳಿಯುತ್ತಿವೆ. ದಕ್ಷಿಣದ ಈ ಲಯಕ್ಕೆ ಕಾವಲು ಕೂತಿರುವವರು ಬೆಂಗಳೂರಿನ ರೇಸ್‌ಕೋರ್ಸ್ ಅಡ್ಡರಸ್ತೆಯ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿದ್ದಾರೆ.

ಕಾವಲು ಎಂದೆನಲ್ಲ, ಅವರ ನಿಜವಾದ ಪರೀಕ್ಷೆ ನಡೆದದ್ದು 2020ರ ಏಪ್ರಿಲ್ 5ರ ರಾತ್ರಿ. ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಹೇಳಿದ್ದರು. ನಾವೆಲ್ಲ ಬಾಲ್ಕನಿಯಲ್ಲಿ ಮೊಂಬತ್ತಿ ಹಿಡಿದು ಫೋಟೊ ತೆಗೆಯುತ್ತಿದ್ದಾಗ ಕಾವಲಿನವರು ಉಸಿರು ಬಿಗಿಹಿಡಿದಿದ್ದರು. ಬೇಡಿಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಎಂದು ಅಂದಾಜಿಸಿದ್ದರು, ಇಳಿದದ್ದು 31 ಸಾವಿರ! ನಮ್ಮ ಜನ ಯಾವುದನ್ನು ಮಾಡಿದರೂ ಕೈಬಿಚ್ಚಿಯೇ ಮಾಡುತ್ತಾರೆ. ಗಳಿಗೆಯಲ್ಲಿ ಇಳಿಸಿ ಗಳಿಗೆಯಲ್ಲಿ ಏರಿಸಬಲ್ಲ ಜಲವಿದ್ಯುತ್ ಸ್ಥಾವರಗಳನ್ನು ಮೊದಲೇ ಸಜ್ಜು ಮಾಡಿಟ್ಟಿದ್ದರಿಂದ ಬಚಾವಾಯಿತು. ಆವರ್ತನ 49.70ಕ್ಕೂ 50.26ಕ್ಕೂ ನಡುವೆ ತೂಗಾಡಿ ಮರಳಿ ಜಾಗಕ್ಕೆ ಬಂತು. ಬ್ರಿಟನ್ನಿನವರಿಗೆ ಇದರ ಉಲ್ಟಾ ಅನುಭವ. 1990ರ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಸೋತ ಕೂಡಲೇ ಇಡೀ ದೇಶ ಎದ್ದುಹೋಗಿ ಚಹಾಕ್ಕೆ ಕೆಟಲ್ ಹಚ್ಚಿತು. ಬೇಡಿಕೆ ಒಮ್ಮೆಲೇ 2,800 ಮೆಗಾವ್ಯಾಟ್ ಜಿಗಿಯಿತು. ದುಃಖವನ್ನು ಮೆಗಾವ್ಯಾಟ್‌ನಲ್ಲಿ ಅಳೆದ ದಾಖಲೆ ಬೇರೆಲ್ಲೂ ಇರಲಿಕ್ಕಿಲ್ಲ.

ಕನ್ನಡಿಗರಿಗೆ ಈ ವಿದ್ಯೆಯ ಪರಿಚಯವೇ ಇಲ್ಲವೆಂದೂ ಅಲ್ಲ. ಅಮೆರಿಕದಿಂದ ಮರಳುವಾಗ ಅಲಾರಂ ರೇಡಿಯೊ ಹೊತ್ತು ತಂದವರನ್ನು ಕೇಳಿ. ಅಲ್ಲಿ 120 ವೋಲ್ಟ್, ಇಲ್ಲಿ 230, ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಟ್ರಾನ್ಸ್‌ಫಾರ್ಮರ್ ಕೊಂಡು ಜೋಡಿಸುತ್ತಾರೆ. ರೇಡಿಯೊ ಹಾಡುತ್ತದೆ, ಗಡಿಯಾರವೂ ಓಡುತ್ತದೆ, ಆದರೆ ಗಂಟೆಗೆ ಹತ್ತು ನಿಮಿಷ ಹಿಂದೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಬದಲಿಸುತ್ತದೆ, ಅಮೆರಿಕದ 60 ಹರ್ಟ್ಸನ್ನು ನಮ್ಮ 50ಕ್ಕೆ ಒಗ್ಗಿಸುವುದಿಲ್ಲ. ಗಡಿಯಾರ 60 ಎಣಿಸಿದ ಮೇಲೆಯೇ ಒಂದು ಸೆಕೆಂಡು ಎನ್ನುತ್ತದೆ, ಇಲ್ಲಿ 60 ಬರಲು 1.2 ಸೆಕೆಂಡು ಬೇಕು. ಇದೇ ತಾಪತ್ರಯ ಜಪಾನಿನಲ್ಲಿ ದೇಶದೊಳಗೇ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಟೋಕಿಯೊದವರು ಜರ್ಮನಿಯಿಂದ, ಒಸಾಕದವರು ಅಮೆರಿಕದಿಂದ ಜನರೇಟರ್ ತರಿಸಿಕೊಂಡರು. ಹೀಗಾಗಿ ಪೂರ್ವ ಜಪಾನ್ ಇವತ್ತಿಗೂ 50, ಪಶ್ಚಿಮ ಜಪಾನ್ 60. 2011ರ ಭೂಕಂಪದ ನಂತರ ಪೂರ್ವದಲ್ಲಿ ವಿದ್ಯುತ್ ಕೊರತೆಯಾದಾಗ ಪಶ್ಚಿಮದವರ ಬಳಿ ಇದ್ದರೂ ಬೇಕಾದಷ್ಟು ಕೊಡಲು ದಾರಿಯಿರಲಿಲ್ಲ.

ಒಂದು ಪತ್ತೇದಾರಿ ಪ್ರಸಂಗವನ್ನೂ ಹೇಳಿಬಿಡುತ್ತೇನೆ, ನಿಮ್ಮ ಓವನ್ನಿಗೆ ಸ್ವಲ್ಪ ಗೌರವ ಬರಲಿ ಎಂದು. ಪ್ಲಗ್‌ಗೆ ಸಿಕ್ಕಿಸಿದ ಯಂತ್ರಗಳ ಹತ್ತಿರ ಏನನ್ನಾದರೂ ರೆಕಾರ್ಡ್ ಮಾಡಿದರೆ ಅದರಲ್ಲಿ ಕರೆಂಟಿನ ಸಣ್ಣ ಗುಂಯ್‌ಗುಡುವಿಕೆಯೂ ಸೇರಿಕೊಳ್ಳುತ್ತದೆ. ಆವರ್ತನ ಸೆಕೆಂಡು ಸೆಕೆಂಡಿಗೂ ಕೂದಲೆಳೆಯಷ್ಟು ಏರಿಳಿಯುವುದರಿಂದ ಆ ಗುಂಯ್‌ಕಾರದ ನಕ್ಷೆ ಪ್ರತಿ ದಿನಕ್ಕೂ ಬೇರೆ, ಒಂದೇ ಗ್ರಿಡ್‌ನ ಊರುಗಳಲ್ಲೆಲ್ಲ ಒಂದೇ. ಲಂಡನ್ ಪೊಲೀಸರ ಧ್ವನಿ ಪ್ರಯೋಗಾಲಯ ವರ್ಷಗಟ್ಟಲೆಯಿಂದ ಬ್ರಿಟನ್ನಿನ ಆವರ್ತನವನ್ನು ಹಗಲೂ ರಾತ್ರಿ ದಾಖಲಿಸಿಕೊಳ್ಳುತ್ತಿದೆ. ಯಾವುದಾದರೂ ಧ್ವನಿಮುದ್ರಣ ‘ಇಂಥ ದಿನ ಇಂಥ ಹೊತ್ತಿನದು’ ಎಂದು ಸಾಕ್ಷ್ಯವಾಗಿ ಬಂದರೆ ಅದರ ಗುಂಯ್‌ಕಾರವನ್ನು ದಾಖಲೆಯ ಜೊತೆ ಇಟ್ಟು ನೋಡುತ್ತಾರೆ. ನಡುವೆ ಕತ್ತರಿಸಿ ಅಂಟಿಸಿದ್ದರೆ ಅಲ್ಲಿ ನಕ್ಷೆ ಹಾರುತ್ತದೆ, ಸಿಕ್ಕಿಬೀಳುತ್ತದೆ.

ಈಗ ನಿಮ್ಮ ಓವನ್ನಿಗೆ ಏನು ಮಾಡಬೇಕು ಎಂದರೆ, ಮೊದಲು ಅದು ಕರೆಂಟು ಎಣಿಸುವ ಜಾತಿಯದೋ ಹರಳಿನದೋ ಖಚಿತ ಮಾಡಿಕೊಳ್ಳಿ. ಸುಲಭದ ದಾರಿಯೊಂದಿದೆ. ಕೆಳಗಿನ ಮನೆಯವರೋ ನಿಮ್ಮ ಮನೆಯ ಮಾಲೀಕರೋ ಒಪ್ಪಿದರೆ ಅವರ ಓವನ್ನನ್ನೂ ನಿಮ್ಮದನ್ನೂ ಒಂದೇ ದಿನ ಮೊಬೈಲಿಗೆ ಸರಿಯಾಗಿ ಹೊಂದಿಸಿ. ನಾಲ್ಕಾರು ದಿನಕ್ಕೊಮ್ಮೆ ನಿಮಿಷ ಬದಲಾಗುವ ಗಳಿಗೆಯನ್ನು ಮೊಬೈಲಿನ ಜೊತೆ ನೋಡಿ ಬರೆದಿಡಿ. ಎರಡೂ ಒಟ್ಟಿಗೆ ಹಿಂದೆ, ಒಟ್ಟಿಗೆ ಮುಂದೆ ಹೋಗುತ್ತಿದ್ದರೆ ಎರಡೂ ಗ್ರಿಡ್ ಎಣಿಸುತ್ತಿವೆ, ಅವನ್ನು ಮುಟ್ಟದೆ ಬಿಟ್ಟುಬಿಡಿ. ಬೇಸಿಗೆ ಸಮಯ ಬದಲಾದಾಗಲೂ ಗಂಟೆಯನ್ನಷ್ಟೇ ತಿದ್ದಿ, ನಿಮಿಷದ ಗೊಡವೆಗೆ ಹೋಗಬೇಡಿ. ಅವರದು ಆಚೀಚೆ ಆಡುತ್ತಾ ನಿಮ್ಮದು ಮಾತ್ರ ವಾರ ವಾರವೂ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ನಿಮ್ಮ ಓವನ್ನಿನಲ್ಲಿ ಅಗ್ಗದ ಹರಳಿದೆ, ತಿಂಗಳಿಗೊಮ್ಮೆ ತಿದ್ದಿಕೊಂಡರೆ ಸಾಕು. ದಿನಕ್ಕೆ ನಿಮಿಷಗಟ್ಟಲೆ ತಪ್ಪುತ್ತಿದೆ, ಅದೂ ನಿಮ್ಮೊಬ್ಬರ ಮನೆಯಲ್ಲಿ ಮಾತ್ರ ಎಂದಾದರೆ, ಅದಕ್ಕೆ ಸರ್ಬಿಯಾವೂ ಕಾರಣವಲ್ಲ, ಕೊಸೊವೊವೂ ಅಲ್ಲ. ಮಾಲೀಕರು ಎಷ್ಟೇ ನಗಲಿ, ರಿಪೇರಿಯವರನ್ನು ಕರೆಸಲು ಹೇಳಿ.